ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆದಾಗ ಕೇಳದೆಯೇ ಅಡ್ಮಿನಿಸ್ಟ್ರೇಟರ್ ಅಧಿಕಾರ ಸಿಗುತ್ತಿದೆ: ಇದು ಸಹಜವೇ, ಯಾರಾದರೂ ನುಸುಳಿದ್ದಾರೆಯೇ?

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿದ್ದು ಸಣ್ಣ ವ್ಯಾಪಾರಸ್ಥರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿರುವ ಒಂದು ದಲಾಲಿ ಅಂಗಡಿಯ ಲೆಕ್ಕದ ಕಂಪ್ಯೂಟರ್ ಕೂಡ ನನ್ನ ಜವಾಬ್ದಾರಿಯಲ್ಲಿದೆ. ಆವಕ ಜೋರಾಗಿರುವ ದಿನಗಳಲ್ಲಿ ಪ್ರಿಂಟರ್ ನಿಂತಿತೆಂದು ಅಂಗಡಿಯ ಲೆಕ್ಕ ನೋಡುವ ದಿವಾನಜಿಯವರು ಫೋನ್ ಮಾಡಿದರೆ ಹೋಗಿ ಬರುವುದರಲ್ಲಿಯೇ ಅರ್ಧ ದಿನ ಕಳೆದುಹೋಗುತ್ತಿತ್ತು. ಆದ್ದರಿಂದ ಆ ಕಂಪ್ಯೂಟರಿನಲ್ಲಿ, ಅಂದರೆ ವಿಂಡೋಸ್ 11ರಲ್ಲಿ, ಐಚ್ಛಿಕ ಸೌಲಭ್ಯವಾಗಿ ಸಿಗುವ ಓಪನ್‌ಎಸ್‌ಎಸ್‌ಎಚ್ ಸರ್ವರ್ (ದೂರದಿಂದ ಜಾಲದ ಮೂಲಕ ಲಾಗಿನ್ ಆಗಿ ಆಜ್ಞೆ ಕೊಡಲು ಬಿಡುವ ಎಸ್‌ಎಸ್‌ಎಚ್‌ನ ತಂತ್ರಾಂಶ) ಹಾಕಿ, ಅಂಗಡಿಯ ರೂಟರ್‌ನಲ್ಲಿ ಅದು ಬಳಸುವ 22ನೆಯ ಪೋರ್ಟ್ ತೆರೆದು, ಮನೆಯಿಂದಲೇ ಲಾಗಿನ್ ಆಗುವ ವ್ಯವಸ್ಥೆ ಮಾಡಿಕೊಂಡೆ. ಅಂಗಡಿಯಲ್ಲಿ ಕುಳಿತಾಗ ನಾನು ಬಳಸುವ ಖಾತೆ ಯಾವುದೋ, ಹುಬ್ಬಳ್ಳಿಯಿಂದ ಲಾಗಿನ್ ಆಗುವುದೂ ಅದೇ ಖಾತೆಯಿಂದ. ಅದು ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಆ ಕಂಪ್ಯೂಟರಿನ ಮುಂದೆ ಕುಳಿತು ಕಮಾಂಡ್ ಪ್ರಾಂಪ್ಟ್ ತೆರೆದು ಮುದ್ರಣ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಸರ್ವಿಸ್ ನಿಲ್ಲಿಸಲು ಹೋದರೆ, ಸಿಸ್ಟಮ್ ಎರರ್ 5, ಆ್ಯಕ್ಸೆಸ್ ಈಸ್ ಡಿನೈಡ್ ಎಂಬ ಉತ್ತರ ಬರುತ್ತದೆ. ಬಲಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಒಪ್ಪಿಗೆ ಕೇಳುವ ಕಿಟಕಿಯಲ್ಲಿ ಹೌದು ಎಂದ ಮೇಲೆಯೇ ಕೆಲಸ ಆಗುತ್ತದೆ. ಅದೇ ಆಜ್ಞೆಯನ್ನು ಹುಬ್ಬಳ್ಳಿಯಿಂದ ಎಸ್‌ಎಸ್‌ಎಚ್ ಮೂಲಕ ಕೊಟ್ಟರೆ, ಒಂದು ಮಾತೂ ಕೇಳದೆ ಸರ್ವಿಸ್ ನಿಂತುಬಿಡುತ್ತದೆ.

ಇದನ್ನು ನಾನು ಗಮನಿಸಿದ್ದು ಒಂದು ನಷ್ಟದ ನಂತರ. ಹಳೆಯ ಬ್ಯಾಕಪ್‌ಗಳನ್ನು ಅಳಿಸಲು ನಾನೇ ಬರೆದ ಒಂದು ಬ್ಯಾಚ್ ಫೈಲ್ (ಸಾಲಾಗಿ ನಡೆಯುವ ಆಜ್ಞೆಗಳ ಕಡತ) ಇದೆ. ಹಿಂದಿನ ಕಂಪ್ಯೂಟರಿನಿಂದ ಅದನ್ನು ನಕಲು ಮಾಡುವಾಗ, ಪ್ರೋಗ್ರಾಮ್ ಫೈಲ್ಸ್ ಒಳಗಿನ ಒಂದು ಹಳೆಯ ಫೋಲ್ಡರನ್ನು ಅಳಿಸುವ ಸಾಲು ಅದರಲ್ಲಿಯೇ ಉಳಿದುಬಿಟ್ಟಿತ್ತು. ಈ ಕಂಪ್ಯೂಟರಿನಲ್ಲಿ ರೈತರಿಗೆ ಕೊಡುವ ತೂಕದ ಪಟ್ಟಿ ಮುದ್ರಿಸುವ ತಂತ್ರಾಂಶ ಅದೇ ಹೆಸರಿನ ಫೋಲ್ಡರಿನಲ್ಲಿದೆ. ಅಂಗಡಿಯಲ್ಲಿ ಎಷ್ಟೋ ಸಲ ಆ ಬ್ಯಾಚ್ ಫೈಲ್ ಓಡಿಸಿದ್ದೇನೆ. ಆ ಸಾಲು ಪ್ರತಿ ಸಲ ನಿರಾಕರಣೆಗೊಳಗಾಗಿ ಸರಿದುಹೋಗುತ್ತಿತ್ತು, ನಾನು ನೋಡಿರಲಿಲ್ಲ. ಮೊದಲ ಸಲ ಎಸ್‌ಎಸ್‌ಎಚ್‌ನಿಂದ ಓಡಿಸಿದ ದಿನ ಆ ಫೋಲ್ಡರ್ ಪೂರ್ತಿ ಅಳಿಸಿಹೋಯಿತು. ದತ್ತಾಂಶ ಬೇರೆ ಡ್ರೈವ್‌ನಲ್ಲಿದ್ದುದರಿಂದ ಲೆಕ್ಕ ಉಳಿಯಿತು. ಆದರೆ ತಂತ್ರಾಂಶವನ್ನು ಮರಳಿ ಹಾಕುವವರೆಗೆ ಎರಡು ತಾಸು ದಿವಾನಜಿಯವರು ಪಟ್ಟಿಗಳನ್ನು ಕೈಯಲ್ಲಿ ಬರೆದರು, ರೈತರು ಕಾಯುತ್ತ ನಿಂತಿದ್ದರು. ತಪ್ಪು ನನ್ನದೇ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಎದುರಿಗೆ ಕುಳಿತವನಿಗೆ ಇಲ್ಲದ ಅಧಿಕಾರ ದೂರದಿಂದ ಬಂದವನಿಗೆ ಹೇಗೆ ಸಿಕ್ಕಿತು? ಯಾರಾದರೂ ಒಳಗೆ ಬಂದು ಏನನ್ನಾದರೂ ಬದಲಿಸಿರಬಹುದೇ? ಇದು ಸಹಜವೇ ಆಗಿದ್ದರೆ, ದಿನನಿತ್ಯದ ಲಾಗಿನ್‌ಗೆ ಸಾಮಾನ್ಯ ಅಧಿಕಾರ ಮಾತ್ರ ಸಿಗುವಂತೆ ಮಾಡುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಧಾರವಾಡದಿಂದ)

ನಮಸ್ಕಾರ ಸರ್. ತಾವು ಘಟನೆಯನ್ನು ಇಷ್ಟು ವಿವರವಾಗಿ ಬರೆದದ್ದರಿಂದ ಉತ್ತರಿಸುವುದು ಸುಲಭವಾಯಿತು. ತಾವು ಹೇಳಿದ ಲಕ್ಷಣ ಕಾಣಿಸಿಕೊಳ್ಳಲು ಯಾರೂ ನುಸುಳಬೇಕಾಗಿಲ್ಲ. ವಿಂಡೋಸ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ಇರುವುದೇ ಹೀಗೆ. ಹಾಗೆಂದು ಯಾರೂ ನುಸುಳಿಲ್ಲ ಎಂಬುದಕ್ಕೆ ಇದು ಸಾಕ್ಷಿಯೂ ಅಲ್ಲ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲು ಕಾರಣ. ವಿಂಡೋಸ್‌ನಲ್ಲಿ ಯಾರೇ ಲಾಗಿನ್ ಆದರೂ ಅವರ ಹೆಸರಿಗೆ ಒಂದು ಟೋಕನ್ ತಯಾರಾಗುತ್ತದೆ. ಯಾವ ಗುಂಪುಗಳಿಗೆ ಸೇರಿದವರು, ಏನೇನು ಮಾಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಅವರು ಪ್ರಾರಂಭಿಸುವ ಪ್ರತಿಯೊಂದು ಪ್ರೋಗ್ರಾಮೂ ಅದರ ಪ್ರತಿಯನ್ನು ಹಿಡಿದುಕೊಂಡೇ ಹುಟ್ಟುತ್ತದೆ. 2007ರಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗಿನಿಂದ, ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ವ್ಯವಸ್ಥೆಯ ಭಾಗವಾಗಿ, ಅಡ್ಮಿನಿಸ್ಟ್ರೇಟರ್ಸ್ ಗುಂಪಿನವರೊಬ್ಬರು ಪರದೆಯ ಮುಂದೆ ಕುಳಿತು ಲಾಗಿನ್ ಆದರೆ ಒಂದರ ಬದಲು ಎರಡು ಟೋಕನ್‌ಗಳು ತಯಾರಾಗುತ್ತವೆ. ಒಂದು ಪೂರ್ಣ ಅಧಿಕಾರದ್ದು, ಇನ್ನೊಂದು ಹೆಚ್ಚಿನ ಅಧಿಕಾರ ತೆಗೆದು ಸೋಸಿದ್ದು. ಡೆಸ್ಕ್‌ಟಾಪ್ ಹುಟ್ಟುವುದು ಸೋಸಿದ ಟೋಕನ್‌ನಿಂದ, ಆದ್ದರಿಂದ ಅಲ್ಲಿಂದ ತೆರೆದದ್ದೆಲ್ಲವೂ ಸೋಸಿದ ಅಧಿಕಾರದಲ್ಲಿಯೇ ಇರುತ್ತದೆ. ಒಪ್ಪಿಗೆಯ ಕಿಟಕಿಯಲ್ಲಿ ಹೌದು ಎಂದಾಗ ಮಾತ್ರ ಪೂರ್ಣ ಟೋಕನ್ ಹೊರಗೆ ಬರುತ್ತದೆ. ತಮ್ಮ ಅಂಗಡಿಯ ಮಾತಿನಲ್ಲಿಯೇ ಹೇಳುವುದಾದರೆ, ದಿವಾನಜಿಯವರ ಹತ್ತಿರ ತಿಜೋರಿಯ ಕೀಲಿಕೈ ಇದ್ದೇ ಇರುತ್ತದೆ, ಆದರೆ ವ್ಯಾಪಾರದ ಹೊತ್ತಿನಲ್ಲಿ ಕೈಯಲ್ಲಿ ಗಲ್ಲಾಪೆಟ್ಟಿಗೆಯ ಕೀಲಿಕೈ ಮಾತ್ರ ಹಿಡಿದಿರುತ್ತಾರೆ.

ಎಸ್‌ಎಸ್‌ಎಚ್ ಮೂಲಕ ಬಂದಾಗ ಈ ಏರ್ಪಾಡು ನಡೆಯುವುದಿಲ್ಲ. ಅಲ್ಲಿ ತಮಗೋಸ್ಕರ ಲಾಗಿನ್ ಮಾಡಿಸುವುದು ಹಿನ್ನೆಲೆಯಲ್ಲಿ ಲೋಕಲ್ ಸಿಸ್ಟಮ್ ಅಧಿಕಾರದಿಂದ ಓಡುತ್ತಿರುವ ಎಸ್‌ಎಸ್‌ಎಚ್‌ಡಿ ಎಂಬ ಸರ್ವಿಸ್. ಅದು ಮಾಡಿಸುವುದು ಜಾಲದ ಬಗೆಯ ಲಾಗಿನ್, ಪರದೆಯ ಮುಂದಿನ ಬಗೆಯದಲ್ಲ. ಒಪ್ಪಿಗೆಯ ಕಿಟಕಿ ತೋರಿಸಲು ಅಲ್ಲಿ ಡೆಸ್ಕ್‌ಟಾಪೇ ಇರುವುದಿಲ್ಲ. ತಾವು ಕುಳಿತಿರುವುದು ಹುಬ್ಬಳ್ಳಿಯಲ್ಲಿ, ಬ್ಯಾಡಗಿಯ ಪರದೆಯ ಮೇಲೆ ಕಿಟಕಿ ಮೂಡಿದರೆ ಒತ್ತುವವರು ಯಾರು? ಹಾಗಾಗಿ ಖಾತೆಗೆ ಸೇರಿದ ಪೂರ್ಣ ಟೋಕನ್ ನೇರವಾಗಿ ತಮ್ಮ ಕೈಗೆ ಬರುತ್ತದೆ. ಎಸ್‌ಎಸ್‌ಎಚ್ ತಮಗೆ ಹೊಸ ಅಧಿಕಾರ ಕೊಡಲಿಲ್ಲ. ಖಾತೆಗೆ ಮೊದಲಿನಿಂದಲೂ ಇದ್ದ ಅಧಿಕಾರವನ್ನು ಡೆಸ್ಕ್‌ಟಾಪ್ ಮರೆಮಾಡಿತ್ತು, ಎಸ್‌ಎಸ್‌ಎಚ್ ಮರೆಮಾಡಲಿಲ್ಲ, ಅಷ್ಟೇ. ಪಾಸ್‌ವರ್ಡ್‌ನಿಂದ ಬಂದರೂ ಪಾಸ್‌ವರ್ಡ್ ಬದಲು ಗುರುತಿಗೆ ಬಳಸುವ ಕೀ ಕಡತದಿಂದ ಬಂದರೂ ಇದರಲ್ಲಿ ವ್ಯತ್ಯಾಸವಿಲ್ಲ.

ನನ್ನ ಮಾತನ್ನು ನಂಬಬೇಕಾಗಿಲ್ಲ, ತಾವೇ ನೋಡಬಹುದು. ಲಾಗಿನ್ ಆದವರು ಯಾರೆಂದು ತಿಳಿಸುವ ಹೂ-ಆಮ್-ಐ ಆಜ್ಞೆಯನ್ನು ಗ್ರೂಪ್ಸ್ ಆಯ್ಕೆಯೊಂದಿಗೆ ಎರಡೂ ಕಡೆ ಓಡಿಸಿ. ಅಂಗಡಿಯ ಡೆಸ್ಕ್‌ಟಾಪಿನಲ್ಲಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಎದುರು, ನಿರಾಕರಣೆಗೆ ಮಾತ್ರ ಬಳಸುವ ಗುಂಪು ಎಂಬರ್ಥದ ಮಾತು ಇರುತ್ತದೆ, ಮತ್ತು ಅಧಿಕಾರದ ಮಟ್ಟ ತಿಳಿಸುವ ಮೀಡಿಯಂ ಮ್ಯಾಂಡೇಟರಿ ಲೆವೆಲ್ ಎಂಬ ಸಾಲಿನ ಗುರುತಿನ ಸಂಖ್ಯೆ 8192 ಎಂದು ಮುಗಿಯುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಅದೇ ಗುಂಪು ಸಕ್ರಿಯವಾಗಿರುತ್ತದೆ, ಲೆವೆಲ್ ಹೈ ಎಂದಿರುತ್ತದೆ, ಸಂಖ್ಯೆ 12288 ಎಂದು ಮುಗಿಯುತ್ತದೆ. ಒಂದು ವೇಳೆ 16384 ಎಂದು ಕಂಡರೆ ಅದು ಸಿಸ್ಟಮ್ ಮಟ್ಟ. ಸಾಮಾನ್ಯ ಲಾಗಿನ್‌ನಲ್ಲಿ ಅದು ಕಾಣಿಸಬಾರದು, ಆಗ ನಿಜವಾಗಿಯೂ ಚಿಂತಿಸಬೇಕು.

ಪರಿಹಾರವನ್ನು ಎಸ್‌ಎಸ್‌ಎಚ್‌ನ ಯಾವುದೋ ಒಂದು ಆಯ್ಕೆಯಲ್ಲಿ ಹುಡುಕಬೇಡಿ, ಅದು ಖಾತೆಯಲ್ಲಿದೆ. ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರದ ಒಂದು ಸಾಮಾನ್ಯ ಖಾತೆ ತೆರೆದು, ದಿನನಿತ್ಯ ಅದರಿಂದಲೇ ಲಾಗಿನ್ ಆಗಿ. ಸರ್ವಿಸ್ ನಿಲ್ಲಿಸುವಂತಹ ಕೆಲಸ ಬಂದಾಗ ಮಾತ್ರ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಬನ್ನಿ, ಅದಕ್ಕೂ ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಪಾಸ್‌ಫ್ರೇಸ್ (ಕೀಗೇ ಹಾಕುವ ಪಾಸ್‌ವರ್ಡ್) ಇರುವ ಕೀ ಮಾತ್ರ ಇಡಿ. ಪ್ರೋಗ್ರಾಮ್‌ಡೇಟಾ ಒಳಗಿನ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿರುವ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಕಡತದಲ್ಲಿ ಅಲೌ-ಯೂಸರ್ಸ್ ಎಂಬ ಸಾಲಿಗೆ ಈ ಎರಡೇ ಹೆಸರುಗಳನ್ನು ಬರೆದರೆ, ಬೇರೆ ಯಾವ ಖಾತೆಯೂ ಒಳಗೆ ಬರಲಾಗದು. ಹೆಸರುಗಳನ್ನು ಸಣ್ಣ ಅಕ್ಷರಗಳಲ್ಲಿಯೇ ಬರೆಯಬೇಕು. ಕಡತ ಬದಲಿಸಿದ ಮೇಲೆ ಎಸ್‌ಎಸ್‌ಎಚ್‌ಡಿಗೆ ಟಿ ಆಯ್ಕೆ ಕೊಟ್ಟು ಓಡಿಸಿದರೆ ಅದು ಕಡತದಲ್ಲಿನ ಬರವಣಿಗೆಯ ದೋಷಗಳನ್ನು ತೋರಿಸುತ್ತದೆ. ಅದಾದ ನಂತರ ಸರ್ವಿಸನ್ನು ಮತ್ತೆ ಪ್ರಾರಂಭಿಸಿ. ಇದನ್ನು ದಿವಾನಜಿಯವರು ಅಂಗಡಿಯಲ್ಲಿರುವ ಹೊತ್ತಿನಲ್ಲಿ ಮಾಡಿ. ಒಂದು ಸಾಲು ತಪ್ಪಿದರೆ ತಮಗೇ ಬಾಗಿಲು ಮುಚ್ಚಿಬಿಡುತ್ತದೆ, ಬಸ್ಸು ಹಿಡಿಯಬೇಕಾಗುತ್ತದೆ.

ಉತ್ತರ 2 (ಹಾವೇರಿಯಿಂದ)

ಧಾರವಾಡದವರ ವಿವರಣೆ ಸ್ಪಷ್ಟವಾಗಿದೆ. ನನಗೊಂದು ಸಂದೇಹವಿದೆ. ವಿಂಡೋಸ್‌ನ ಸೆಟ್ಟಿಂಗ್‌ಗಳ ಸಂಗ್ರಹವಾದ ರಿಜಿಸ್ಟ್ರಿಯಲ್ಲಿ ಲೋಕಲ್ ಅಕೌಂಟ್ ಟೋಕನ್ ಫಿಲ್ಟರ್ ಪಾಲಿಸಿ ಎಂಬ ಮೌಲ್ಯವಿದೆ. ದೂರದಿಂದ ಬರುವ ಸ್ಥಳೀಯ ಖಾತೆಗಳ ಟೋಕನನ್ನು ಸೋಸುವುದೇ ಅದರ ಕೆಲಸವೆಂದು ಓದಿದ ನೆನಪು. ಅದನ್ನು ಸೊನ್ನೆ ಮಾಡಿದರೆ, ಹೊಸ ಖಾತೆಯ ಗೊಡವೆಯಿಲ್ಲದೆ ಸಮಸ್ಯೆ ಬಗೆಹರಿಯಬಹುದಲ್ಲವೇ?

ಉತ್ತರ 3 (ಧಾರವಾಡದಿಂದ, ಮೊದಲು ಉತ್ತರಿಸಿದವರು)

ಆ ಮೌಲ್ಯ ಇರುವುದು ನಿಜ. ಆದರೆ ಅದನ್ನು ಯಾರೂ ಮುಟ್ಟದಿದ್ದರೆ ಅದು ಸೊನ್ನೆ ಇದ್ದಂತೆಯೇ ನಡೆಯುತ್ತದೆ, ಪ್ರಶ್ನೆ ಕೇಳಿದವರ ಕಂಪ್ಯೂಟರಿನಲ್ಲಿಯೂ ಹಾಗೆಯೇ ಇರುತ್ತದೆ. ಹಾಗಿದ್ದೂ ಅವರಿಗೆ ಪೂರ್ಣ ಅಧಿಕಾರ ಸಿಕ್ಕಿದೆ. ಆ ನಿಯಮ ಅನ್ವಯಿಸುವುದು ಹಂಚಿಕೊಂಡ ಫೋಲ್ಡರ್‌ಗಳಿಗೆ, ದೂರನಿರ್ವಹಣೆಯ ಸಾಧನಗಳಿಗೆ ಬೇರೆ ಕಂಪ್ಯೂಟರಿನಿಂದ ಬರುವ ಲಾಗಿನ್‌ಗಳಿಗೆ. ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಮಾಡಿಸುವ ಸರ್ವಿಸ್ ಅದೇ ಕಂಪ್ಯೂಟರಿನಲ್ಲಿದೆ, ಆದ್ದರಿಂದ ಅದು ಈ ಸೋಸುವಿಕೆಗೆ ಸಿಗುವುದಿಲ್ಲ. ಕೆಲವರು ಬೇರೆ ಯಾವುದೋ ತೊಂದರೆಗೆ ಪರಿಹಾರವೆಂದು ಅದನ್ನು 1 ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಇರುವ ಒಂದು ಕಾವಲೂ ಹೋಗುತ್ತದೆ, ಅದನ್ನು ಮಾತ್ರ ಮಾಡಬೇಡಿ.

ಉತ್ತರ 4 (ಗದಗಿನಿಂದ)

ನಾನು ಗದಗಿನಲ್ಲಿ ಒಂದು ಕಾಲೇಜಿನ ಪ್ರಯೋಗಾಲಯದ ಲಿನಕ್ಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಪ್ರಶ್ನೆ ವಿಂಡೋಸ್‌ನದಾದರೂ ಇದೇ ತೊಂದರೆಯಿರುವ ಲಿನಕ್ಸ್ ಬಳಕೆದಾರರು ಈ ಶೀರ್ಷಿಕೆ ನೋಡಿ ಬರಬಹುದಾದ್ದರಿಂದ ಎರಡು ಮಾತು ಬರೆಯುತ್ತೇನೆ.

ಲಿನಕ್ಸ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಬಂದವರಿಗೂ ಎದುರಿಗೆ ಕುಳಿತವರಿಗೂ ಈ ಬಗೆಯ ಭೇದವಿಲ್ಲ. ಹೆಚ್ಚಿನ ಅಧಿಕಾರದಿಂದ ಆಜ್ಞೆ ನಡೆಸುವ ಸುಡೊ ಪಾಸ್‌ವರ್ಡ್ ಕೇಳುವುದು ಟರ್ಮಿನಲ್ಲಿನಲ್ಲಿಯೇ ಆದ್ದರಿಂದ ಅದು ದೂರದಿಂದಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ವಿಂಡೋಸ್‌ನ ಒಪ್ಪಿಗೆ ಕಿಟಕಿಯಲ್ಲಿಯೇ ಬರಬೇಕು, ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನನಗನ್ನಿಸುತ್ತದೆ. ಆದ್ದರಿಂದ ಲಿನಕ್ಸ್‌ನಲ್ಲಿ ಲಾಗಿನ್ ಆದ ಕೂಡಲೇ ರೂಟ್ ಅಧಿಕಾರ, ಅಂದರೆ ಪೂರ್ಣ ಅಧಿಕಾರ, ಕಂಡರೆ ಅದನ್ನು ಸಹಜವೆಂದು ಬಿಡಬಾರದು, ಕಾರಣ ಹುಡುಕಲೇಬೇಕು.

ನಮ್ಮಲ್ಲಿ ಒಮ್ಮೆ ಒಂದು ಖಾತೆಯಿಂದ ಲಾಗಿನ್ ಆದರೆ ಹೂ-ಆಮ್-ಐ ಆಜ್ಞೆ ರೂಟ್ ಎಂದು ಉತ್ತರಿಸುತ್ತಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್ ನೋಡುವುದು ಹೆಸರನ್ನಲ್ಲ, ಸಂಖ್ಯೆಯನ್ನು. ಖಾತೆಗಳ ಪಟ್ಟಿಯಿರುವ, ಇಟಿಸಿ ಫೋಲ್ಡರಿನ ಪಾಸ್‌ವಡ್ ಕಡತದಲ್ಲಿ ಪ್ರತಿ ಸಾಲಿನ ಮೂರನೆಯ ಅಂಕಣವೇ ಆ ಸಂಖ್ಯೆ. ಅದು 0 ಇದ್ದರೆ ಹೆಸರು ಏನೇ ಇರಲಿ, ಆ ಖಾತೆ ರೂಟ್. ಯಾರೋ ರೂಟ್‌ನ ಸಾಲನ್ನೇ ನಕಲು ಮಾಡಿ ಹೆಸರನ್ನಷ್ಟೇ ಬದಲಿಸಿದ್ದರು. ಸಂಖ್ಯೆಯಿಂದ ಹೆಸರು ಹುಡುಕುವಾಗ ಕಡತದಲ್ಲಿ ಮೊದಲು ಸಿಗುವುದು ರೂಟ್ ಆದ್ದರಿಂದ ಉತ್ತರವೂ ಹಾಗೆ ಬರುತ್ತಿತ್ತು. ನಮ್ಮಲ್ಲಿ ಅದು ಅಜಾಗರೂಕತೆಯಾಗಿತ್ತು, ಆದರೆ ಕದ್ದು ಬಂದವರು ಮತ್ತೆ ಬರುವ ದಾರಿ ಇಟ್ಟುಕೊಳ್ಳುವುದೂ ಇದೇ ಉಪಾಯದಿಂದ. ರೂಟ್ ಹೊರತು ಬೇರೆ ಸಾಲಿನಲ್ಲಿ ಸೊನ್ನೆ ಕಂಡರೆ ಬಿಡಬೇಡಿ.

ಇನ್ನೊಂದು ಕಾರಣ ಬಳಕೆದಾರರ ತಮ್ಮದೇ ಕಂಪ್ಯೂಟರಿನಲ್ಲಿರುತ್ತದೆ. ತಮ್ಮ ಎಸ್‌ಎಸ್‌ಎಚ್ ಕಾನ್ಫಿಗ್ ಕಡತದಲ್ಲಿ ಯೂಸರ್ ರೂಟ್ ಎಂದು ಎಂದೋ ಬರೆದು ಮರೆತಿದ್ದರೆ, ಹೆಸರು ಹೇಳದೆ ಲಾಗಿನ್ ಆದಾಗಲೆಲ್ಲ ರೂಟ್ ಆಗಿಯೇ ಹೋಗುತ್ತೀರಿ. 2015ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.0ರಿಂದ ಈಚೆಗೆ ರೂಟ್‌ಗೆ ಪಾಸ್‌ವರ್ಡ್ ಲಾಗಿನ್ ತಾನಾಗಿಯೇ ಮುಚ್ಚಿರುತ್ತದೆ, ಆದರೆ ಕೀ ಇದ್ದರೆ ಬಾಗಿಲು ತೆರೆದೇ ಇರುತ್ತದೆ.

ಉತ್ತರ 5 (ಹುಬ್ಬಳ್ಳಿಯಿಂದ, ಬೇರೊಬ್ಬರು)

ಕಾರಣ ತಿಳಿಯಿತು ಎಂದು ನೆಮ್ಮದಿಯಾಗಿ ಕುಳಿತುಕೊಳ್ಳಬೇಡಿ ಸರ್. 22ನೆಯ ಪೋರ್ಟನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿದ್ದೇನೆ ಎಂದು ತಾವೇ ಬರೆದಿದ್ದೀರಿ. ಅಂತಹ ಪೋರ್ಟ್ ಎಲ್ಲಿದ್ದರೂ ಹುಡುಕಿ, ಪಾಸ್‌ವರ್ಡ್‌ಗಳನ್ನು ಒಂದರ ಮೇಲೊಂದು ಊಹಿಸಿ ನೋಡುವ ಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ. ತಮ್ಮ ಖಾತೆಯ ಪಾಸ್‌ವರ್ಡ್ ಅವುಗಳಿಗೆ ಸಿಕ್ಕರೆ, ಮೇಲೆ ಧಾರವಾಡದವರು ವಿವರಿಸಿದ ಪೂರ್ಣ ಟೋಕನ್ ಆ ಯಂತ್ರಗಳನ್ನು ಓಡಿಸುವವರ ಕೈಗೂ ಹಾಗೆಯೇ ಹೋಗುತ್ತದೆ. ನನಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಭಯವಾದದ್ದು ಇದೇ.

ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆದು ಓಪನ್‌ಎಸ್‌ಎಸ್‌ಎಚ್ ಅಡಿಯಲ್ಲಿನ ಆಪರೇಷನಲ್ ದಾಖಲೆ ಓದಿ. ಯಾವ ಹೆಸರಿನಿಂದ, ಯಾವ ವಿಳಾಸದಿಂದ, ಪಾಸ್‌ವರ್ಡ್‌ನಿಂದಲೋ ಕೀಯಿಂದಲೋ ಎಂಬುದೆಲ್ಲ ಅಲ್ಲಿರುತ್ತದೆ. ವಿಫಲವಾದ ಪ್ರಯತ್ನಗಳು ಎಷ್ಟಿದ್ದರೂ ಹೆದರಬೇಕಾಗಿಲ್ಲ. ತಮ್ಮದಲ್ಲದ ಒಂದೇ ಒಂದು ಯಶಸ್ವಿ ಲಾಗಿನ್ ಇದ್ದರೆ ಆ ಕಂಪ್ಯೂಟರನ್ನು ಜಾಲದಿಂದ ಬಿಡಿಸಿ. ಸೆಕ್ಯುರಿಟಿ ದಾಖಲೆಯಲ್ಲಿ ಯಶಸ್ವಿ ಲಾಗಿನ್ ಸೂಚಿಸುವ 4624 ಎಂಬ ಸಂಖ್ಯೆಯ ನಮೂದುಗಳನ್ನೂ ನೋಡಿ. ಎದುರಿಗೆ ಕುಳಿತು ಲಾಗಿನ್ ಆದದ್ದು ಲಾಗಾನ್ ಟೈಪ್ 2, ಪಾಸ್‌ವರ್ಡ್ ಕೊಟ್ಟು ಎಸ್‌ಎಸ್‌ಎಚ್‌ನಿಂದ ಬಂದದ್ದು 8. ಎದುರಿಗೆ ಕುಳಿತ ಲಾಗಿನ್‌ಗೆ ಎರಡು ನಮೂದುಗಳು ಜೋಡಿಯಾಗಿರುತ್ತವೆ, ಒಂದರಲ್ಲಿ ಎಲಿವೇಟೆಡ್ ಟೋಕನ್ ಹೌದು ಎಂದೂ ಇನ್ನೊಂದರಲ್ಲಿ ಇಲ್ಲ ಎಂದೂ ಇರುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಎರಡು ಟೋಕನ್‌ಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಮತ್ತೊಂದು ಕಡತವನ್ನು ತಪ್ಪದೆ ತೆರೆದು ನೋಡಬೇಕು. ಸಾಮಾನ್ಯ ಖಾತೆಗಳ ಕೀಗಳು ಅವರವರ ಫೋಲ್ಡರಿನಲ್ಲಿರುತ್ತವೆ. ಅಡ್ಮಿನಿಸ್ಟ್ರೇಟರ್ಸ್ ಗುಂಪಿನವರ ಕೀಗಳು ಮಾತ್ರ ಪ್ರೋಗ್ರಾಮ್‌ಡೇಟಾದ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ, ಅಡ್ಮಿನಿಸ್ಟ್ರೇಟರ್ಸ್ ಆಥರೈಸ್ಡ್ ಕೀಸ್ ಎಂಬ ಒಂದೇ ಕಡತದಲ್ಲಿರುತ್ತವೆ. ಅದರಲ್ಲಿ ಯಾರ ಕೀ ಇದ್ದರೂ ಅವರು ಆ ಗುಂಪಿನ ಯಾವ ಖಾತೆಯ ಹೆಸರಿನಿಂದ ಬೇಕಾದರೂ ಒಳಗೆ ಬರಬಹುದು. ಹಿಂದೆ ತಂತ್ರಾಂಶ ಹಾಕಿಕೊಟ್ಟವರ ಕೀ ಅಲ್ಲಿ ಉಳಿದಿದ್ದರೆ, ಅವರಿಗೂ ಆ ಬಾಗಿಲು ತೆರೆದೇ ಇದೆ ಎಂದರ್ಥ. ತಮಗೆ ಗುರುತಿಲ್ಲದ ಸಾಲು ಇದ್ದರೆ ಅದರ ಪ್ರತಿ ಇಟ್ಟುಕೊಂಡು ಅಳಿಸಿರಿ. ಸಾಧ್ಯವಾದರೆ 22ನೆಯ ಪೋರ್ಟನ್ನು ರೂಟರ್‌ನಲ್ಲಿ ಮುಚ್ಚಿ, ವೈರ್‌ಗಾರ್ಡ್‌ನಂತಹ ವಿಪಿಎನ್ (ಅಂತರ್ಜಾಲದ ಮೂಲಕ ಹಾಯುವ ಖಾಸಗಿ ಗುಪ್ತ ಮಾರ್ಗ) ಒಳಗಿನಿಂದಷ್ಟೇ ಎಸ್‌ಎಸ್‌ಎಚ್ ಸಿಗುವಂತೆ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡೂ ಕಡೆ ಆಜ್ಞೆ ಓಡಿಸಿ ನೋಡಿದೆ. ಅಂಗಡಿಯಲ್ಲಿ 8192, ಎಸ್‌ಎಸ್‌ಎಚ್‌ನಲ್ಲಿ 12288, ಹೇಳಿದಂತೆಯೇ ಇದೆ. ದಾಖಲೆಯಲ್ಲಿ ವಿಫಲ ಪ್ರಯತ್ನಗಳು ಪುಟಗಟ್ಟಲೆ ಇದ್ದವು, ಅವುಗಳನ್ನು ನೋಡಿ ನಿಜಕ್ಕೂ ಮೈ ಜುಮ್ಮೆಂದಿತು. ಯಶಸ್ವಿಯಾದವೆಲ್ಲ ನನ್ನ ಮನೆಯಿಂದಲೇ ಆಗಿವೆ. ಕೀ ಕಡತದಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್‌ನ ಒಂದು ಸಾಲು ಉಳಿದಿತ್ತು, ಆ ಲ್ಯಾಪ್‌ಟಾಪನ್ನು ಮಾರಿ ವರ್ಷವಾಗಿದೆ. ಕೂಡಲೇ ತೆಗೆದೆ.

ಹೊಸ ಖಾತೆ ಮಾಡಿ ಅಲೌ-ಯೂಸರ್ಸ್ ಸಾಲು ಬರೆದೆ, ಆದರೆ ಅದರಿಂದ ಅಂದುಕೊಂಡ ಫಲ ಸಿಗಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ದಿವಾನಜಿಯವರ ಸಾಮಾನ್ಯ ಖಾತೆಯಿಂದ ಪರೀಕ್ಷೆಗೆಂದು ಲಾಗಿನ್ ಆದರೆ ಅದೂ ಒಳಗೆ ಬರುತ್ತಿದೆ. ಟಿ ಆಯ್ಕೆಯ ಪರೀಕ್ಷೆ ಯಾವ ದೋಷವನ್ನೂ ತೋರಿಸುತ್ತಿಲ್ಲ. ಸಾಲನ್ನು ಕಡತದ ಕೊನೆಯಲ್ಲಿ ಬರೆದಿದ್ದೇನೆ.

ಉತ್ತರ 6 (ಧಾರವಾಡದಿಂದ, ಮೊದಲು ಉತ್ತರಿಸಿದವರು)

ಅದನ್ನು ನಾನು ಮೊದಲೇ ಎಚ್ಚರಿಸಬೇಕಾಗಿತ್ತು, ಕ್ಷಮಿಸಿ. ಆ ಕಡತದ ಕೊನೆಯಲ್ಲಿ ಮ್ಯಾಚ್ ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್ ಎಂದು ಪ್ರಾರಂಭವಾಗುವ ಒಂದು ಭಾಗವಿದೆ. ಮ್ಯಾಚ್ ಎಂಬ ಸಾಲಿನ ಕೆಳಗೆ ಬರೆದದ್ದೆಲ್ಲ, ಇನ್ನೊಂದು ಮ್ಯಾಚ್ ಸಾಲು ಬರುವವರೆಗೆ ಅಥವಾ ಕಡತ ಮುಗಿಯುವವರೆಗೆ, ಆ ಗುಂಪಿನವರಿಗೆ ಮಾತ್ರ ಅನ್ವಯಿಸುತ್ತದೆ. ಸಾಲಿನ ಮುಂದೆ ಜಾಗ ಬಿಟ್ಟರೂ ಬಿಡದಿದ್ದರೂ ಒಂದೇ. ತಮ್ಮ ಪಟ್ಟಿ ಅಡ್ಮಿನಿಸ್ಟ್ರೇಟರ್‌ಗಳನ್ನು ಮಾತ್ರ ತಡೆಯುತ್ತಿದೆ, ದಿವಾನಜಿಯವರ ಖಾತೆ ಆ ಗುಂಪಿನಲ್ಲಿಲ್ಲದ್ದರಿಂದ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಬರವಣಿಗೆಯ ದೋಷವಲ್ಲದ್ದರಿಂದ ಟಿ ಪರೀಕ್ಷೆಯೂ ಸುಮ್ಮನಿದೆ. ಅಲೌ-ಯೂಸರ್ಸ್ ಸಾಲನ್ನು ಮ್ಯಾಚ್ ಸಾಲಿಗಿಂತ ಮೇಲಕ್ಕೆ ತನ್ನಿ. ಪಾಸ್‌ವರ್ಡ್ ಆಥೆಂಟಿಕೇಷನ್ ನೋ ಎಂಬ ಸಾಲನ್ನು ಮಾತ್ರ ಮ್ಯಾಚ್‌ನ ಕೆಳಗೆ ಬಿಡಿ, ಅದು ಇರಬೇಕಾದದ್ದು ಅಲ್ಲಿಯೇ.

ಪ್ರಶ್ನೆ ಕೇಳಿದವರ ಮರುಬರಹ

ಸಾಲನ್ನು ಮೇಲಕ್ಕೆ ತಂದೆ, ಈಗ ದಿವಾನಜಿಯವರ ಖಾತೆಗೆ ಬಾಗಿಲು ಮುಚ್ಚಿದೆ. ಅಡ್ಮಿನಿಸ್ಟ್ರೇಟರ್ ಖಾತೆ ಪಾಸ್‌ವರ್ಡ್ ಕೊಟ್ಟರೆ ಒಪ್ಪುತ್ತಿಲ್ಲ, ಕೀ ಕೊಟ್ಟರೆ ಒಪ್ಪುತ್ತಿದೆ. ಹೊಸ ಸಾಮಾನ್ಯ ಖಾತೆಯಿಂದ ಹುಬ್ಬಳ್ಳಿಯಲ್ಲಿ ಕುಳಿತು ಆ ಹಳೆಯ ಬ್ಯಾಚ್ ಫೈಲನ್ನು, ಫೋಲ್ಡರಿನ ಪ್ರತಿ ತೆಗೆದಿಟ್ಟುಕೊಂಡು, ಬೇಕೆಂದೇ ಬದಲಿಸದೆ ಓಡಿಸಿದೆ. ಬ್ಯಾಕಪ್‌ಗಳು ಅಳಿದವು, ಪ್ರೋಗ್ರಾಮ್ ಫೈಲ್ಸ್ ಸಾಲಿಗೆ ಆ್ಯಕ್ಸೆಸ್ ಈಸ್ ಡಿನೈಡ್ ಎಂದು ಬಂತು, ಈ ಸಲ ಅದನ್ನು ಕಣ್ಣಾರೆ ಓದಿದೆ. ನಂತರ ಆ ಸಾಲನ್ನು ಅಳಿಸಿದೆ. ರೂಟರ್‌ನ 22ನೆಯ ಪೋರ್ಟ್ ಇನ್ನೂ ತೆರೆದಿದೆ. ವೈರ್‌ಗಾರ್ಡ್ ಹಾಕಲು ಬರುವ ವಾರ ಬ್ಯಾಡಗಿಗೆ ಹೋಗುತ್ತಿದ್ದೇನೆ, ಅಲ್ಲಿಯವರೆಗೆ ರಾತ್ರಿ ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಆರಿಸಿ ಹೋಗಲು ದಿವಾನಜಿಯವರಿಗೆ ಹೇಳಿದ್ದೇನೆ.